ಹೊಟ್ಟೆಯೊಳಗೆ ರಕ್ತ ಸೋರುವಾಗ: ನಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದ ವಿಮರ್ಶೆ

ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಯ್ಲಿನ ಕಾಲ ಬಂತೆಂದರೆ ಮರದಿಂದ ಬಿದ್ದವರ ಸುದ್ದಿಯೂ ಬರುತ್ತದೆ. ಕೈಯೋ ಕಾಲೋ ಮುರಿದಿದ್ದರೆ ಅದು ಎಲ್ಲರ ಕಣ್ಣಿಗೂ ಕಾಣುತ್ತದೆ, ಕೂಡಲೇ ಜೀಪು ಹೊರಡುತ್ತದೆ. ಆದರೆ ಬಿದ್ದ ಮನುಷ್ಯ ಮೈಮೇಲೆ ನಾಲ್ಕು ತರಚು ಗಾಯಗಳ ಹೊರತು ಏನೂ ಇಲ್ಲದೆ ಎದ್ದು ಕುಳಿತು ನೀರು ಕೇಳಿದರೆ, ಅವನ ಹೊಟ್ಟೆಯೊಳಗೆ ಗುಲ್ಮವೋ (ಸ್ಪ್ಲೀನ್) ಪಿತ್ತಜನಕಾಂಗವೋ (ಲಿವರ್) ಸೀಳಿ ರಕ್ತ ಸೋರುತ್ತಿರಬಹುದು ಎಂಬ ಅನುಮಾನ ಸುಲಭವಾಗಿ ಯಾರಿಗೂ ಬರುವುದಿಲ್ಲ. ನಮ್ಮ ತೋಟದಲ್ಲಿ ಅಡಿಕೆಯ ಕೊನೆ (ಗೊನೆ) ತೆಗೆಯುವಾಗ ಜಾರಿ ಬಿದ್ದ ಕಾರ್ಮಿಕರೊಬ್ಬರೊಂದಿಗೆ ನಾನು ಆಸ್ಪತ್ರೆಯಲ್ಲಿದ್ದೆ. ಅವರು ಇಂದು ನಡೆದಾಡಿಕೊಂಡು ಇದ್ದಾರೆ. ಅವರನ್ನು ಉಳಿಸಿದ ಸೇವೆ ಹೇಗಿತ್ತು, ಎಲ್ಲಿ ಚೆನ್ನಾಗಿತ್ತು, ಎಲ್ಲಿ ಸೋತಿತು ಎಂಬುದನ್ನು ಬರೆದಿಡುವುದು ಇದೇ ಪರಿಸ್ಥಿತಿ ಎದುರಾಗಬಹುದಾದ ಬೇರೆ ಕುಟುಂಬಗಳಿಗೆ ಉಪಯೋಗವಾಗುತ್ತದೆ ಎಂದು ನಂಬಿದ್ದೇನೆ. ಆಸ್ಪತ್ರೆಗಳ ಹೆಸರನ್ನು ಹೇಳುತ್ತಿಲ್ಲ. ಮುಂದೆ ಹೇಳುವ ಕೊರತೆಗಳು ಒಂದೇ ಕಟ್ಟಡಕ್ಕೆ ಸೇರಿದವಲ್ಲ, ರಾಜ್ಯದ ಬಹುತೇಕ ಜಿಲ್ಲೆಗಳಲ್ಲಿ ಇರುವಂಥವು.

ಸಾಮಾನ್ಯವಾಗಿ ನಾವು ಆಸ್ಪತ್ರೆಯನ್ನು ಅಳೆಯುವುದು ಹಾಸಿಗೆಯ ಸ್ವಚ್ಛತೆ, ಸಿಬ್ಬಂದಿಯ ಮಾತು, ಬಿಲ್ಲಿನ ಮೊತ್ತ ಇವುಗಳಿಂದ. ಹೊಟ್ಟೆಯೊಳಗಿನ ರಕ್ತಸ್ರಾವದ ವಿಷಯದಲ್ಲಿ ಈ ಅಳತೆಗಳು ಸಾಲುವುದಿಲ್ಲ. ಇಲ್ಲಿ ನೋಡಬೇಕಾದದ್ದು, ರೋಗಿಯನ್ನು ಮೊದಲು ನೋಡಿದವರು ರಕ್ತಸ್ರಾವವನ್ನು ಅನುಮಾನಿಸಿದರೇ, ಆ ಅನುಮಾನವನ್ನು ಕೈಬಿಡದೆ ಮತ್ತೆ ಮತ್ತೆ ಬಂದು ನೋಡಿದರೇ, ಅನುಮಾನ ಹುಟ್ಟಿದ ಕ್ಷಣದಿಂದ ರಕ್ತ ಮತ್ತು ಶಸ್ತ್ರಚಿಕಿತ್ಸಕ ಸಿಗುವವರೆಗೆ ಎಷ್ಟು ಹೊತ್ತು ಕಳೆಯಿತು ಎಂಬುದು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಅಪಘಾತ ದಾಖಲೆಗಳನ್ನು ಆಧರಿಸಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೊಟ್ಟೆಯೊಳಗೆ ರಕ್ತಸ್ರಾವವಾಗಿ ರಕ್ತದೊತ್ತಡ ಕುಸಿದವರು ತುರ್ತು ವಿಭಾಗದಲ್ಲಿ ಕಳೆಯುವ ಪ್ರತಿ 3 ನಿಮಿಷಕ್ಕೆ ಸಾವಿನ ಸಂಭವ ಸುಮಾರು ಶೇಕಡಾ 1ರಷ್ಟು ಏರುತ್ತದೆಂದೂ ಮೊದಲ 90 ನಿಮಿಷಗಳಲ್ಲಿ ಈ ಏರಿಕೆ ಸ್ಪಷ್ಟವಾಗಿ ಕಾಣುತ್ತದೆಂದೂ ತೋರಿಸಿತು. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಮ್ಮ ತುರ್ತು ವಿಭಾಗದ ಹೊರಗಿನ ಚೀಟಿ ಕೌಂಟರ್, ಲಿಫ್ಟ್, ಸ್ಕ್ಯಾನಿಂಗ್ ಕೊಠಡಿಯ ಬೀಗ ಎಲ್ಲವೂ ಬೇರೆ ರೀತಿಯಲ್ಲಿ ಕಾಣತೊಡಗುತ್ತವೆ.

ಮೊದಲು ಸಿಕ್ಕದ್ದು ಊರಿನ ಪಕ್ಕದ ಒಂದು ಖಾಸಗಿ ಕ್ಲಿನಿಕ್. ಅಲ್ಲಿ ಎಡಪಕ್ಕೆಯ ನೋವಿಗೆ ಇಂಜೆಕ್ಷನ್ ಕೊಟ್ಟು, ಮೂಳೆ ಮುರಿದಂತಿಲ್ಲ, ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಲಿ ಎಂದರು. ನಾಡಿ ಹಿಡಿದು ನೋಡಲಿಲ್ಲ, ರಕ್ತದೊತ್ತಡ ಅಳೆಯಲಿಲ್ಲ, ಹೊಟ್ಟೆಯ ಮೇಲೆ ಕೈ ಇಡಲಿಲ್ಲ. ಎಡಭಾಗದ ಕೆಳಗಿನ ಪಕ್ಕೆಲುಬುಗಳ ಮರೆಯಲ್ಲೇ ಗುಲ್ಮ ಇರುವುದು. ಹೊಟ್ಟೆಗೆ ಮೊಂಡು ಪೆಟ್ಟು ಬಿದ್ದಾಗ ಅತಿ ಹೆಚ್ಚಾಗಿ ಗಾಯಗೊಳ್ಳುವ ಅಂಗಗಳಲ್ಲಿ ಅದೂ ಒಂದು. ಅಂಥ ಜಾಗದಲ್ಲಿ ಪೆಟ್ಟು ತಿಂದು ಬಂದವರನ್ನು ಎರಡು ನಿಮಿಷವೂ ಪರೀಕ್ಷಿಸದೆ ಕಳಿಸುವುದು ಅಕ್ಷಮ್ಯ. ಇಷ್ಟು ಹೊತ್ತಿಗೆ ಆತ ಎಡಭುಜವೂ ನೋಯುತ್ತಿದೆ ಎನ್ನತೊಡಗಿದ್ದರು, ಭುಜಕ್ಕೆ ಪೆಟ್ಟೇನೂ ಬಿದ್ದಿರಲಿಲ್ಲ. ಸೋರಿದ ರಕ್ತ, ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪೊರೆಯಾದ ವಪೆಯನ್ನು ಕೆರಳಿಸಿದಾಗ ನೋವು ಭುಜದ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ವೈದ್ಯಶಾಸ್ತ್ರದಲ್ಲಿ ಬಹಳ ಹಳೆಯ ಪಾಠ. ಜೊತೆಗಿದ್ದವರಲ್ಲಿ ಒಬ್ಬರು ಉಳುಕಿರಬೇಕು, ಎಣ್ಣೆ ಹಚ್ಚಿ ತಿಕ್ಕೋಣ ಎಂದರು, ಇನ್ನೊಬ್ಬರು ಮಜ್ಜಿಗೆ ಕುಡಿಸಲು ಹೊರಟರು. ಎರಡೂ ಮಾಡಬಾರದು. ಹೊಟ್ಟೆಯನ್ನು ಉಜ್ಜಿದರೆ ಹೆಪ್ಪುಗಟ್ಟುತ್ತಿರುವ ರಕ್ತ ಕದಡಬಹುದು. ಶಸ್ತ್ರಚಿಕಿತ್ಸೆ ಬೇಕಾದೀತು ಎಂಬ ಅನುಮಾನವಿರುವಾಗ ಬಾಯಿಗೆ ಏನನ್ನೂ ಕೊಡದಿರುವುದೇ ಸರಿ, ಬಾಯಾರಿಕೆ ಎಷ್ಟೇ ಇರಲಿ. ಆ ಬಾಯಾರಿಕೆಯೂ ರಕ್ತ ಕಡಿಮೆಯಾಗುತ್ತಿರುವುದರ ಲಕ್ಷಣವಾಗಿರಬಹುದು.

108ಕ್ಕೆ ಕರೆ ಮಾಡಿದೆವು. ಕರ್ನಾಟಕದಲ್ಲಿ ಆರೋಗ್ಯ ಕವಚ ಎಂಬ ಹೆಸರಿನಲ್ಲಿ 2008ರ ನವೆಂಬರಿನಲ್ಲಿ ಆರಂಭವಾದ ಈ ಸೇವೆಯ ಬಗ್ಗೆ ದೂರುಗಳು ಬಹಳ ಇವೆ, ಆಂಬುಲೆನ್ಸ್ ತಡವಾಗಿ ಬರುತ್ತದೆ ಎಂಬುದು ಮುಖ್ಯವಾದದ್ದು. ನಮ್ಮ ಘಾಟಿ ರಸ್ತೆಯಲ್ಲಿ ತಡವಾದದ್ದೂ ನಿಜ. ಆದರೆ ಬಂದ ತಂತ್ರಜ್ಞ ತನ್ನ ಕೆಲಸವನ್ನು ಚೆನ್ನಾಗಿ ಬಲ್ಲವನಾಗಿದ್ದ. ಬಿದ್ದ ಎತ್ತರ ಎಷ್ಟು, ಯಾವ ಬದಿಗೆ ಬಿದ್ದರು, ಪ್ರಜ್ಞೆ ತಪ್ಪಿತ್ತೇ, ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲು ಕೇಳಿದ. ನಾಡಿ ನಿಮಿಷಕ್ಕೆ 118, ರಕ್ತದೊತ್ತಡ 110/84 ಎಂದು ಬರೆದುಕೊಂಡ. ಒತ್ತಡ ಸರಿಯಾಗಿಯೇ ಇದೆಯಲ್ಲ ಎಂದು ನಾನು ಕೇಳಿದಾಗ ಅವನು ಹೇಳಿದ ಮಾತು ಈ ಇಡೀ ವಿಷಯದ ತಿರುಳು: ಒತ್ತಡ ಇಳಿಯುವುದು ಕೊನೆಗೆ, ಮೊದಲು ಏರುವುದು ನಾಡಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಯಸ್ಕರ ದೇಹದಲ್ಲಿ ಪ್ರತಿ ಕಿಲೋ ತೂಕಕ್ಕೆ ಸುಮಾರು 70 ಮಿಲಿಲೀಟರ್ ರಕ್ತವಿರುತ್ತದೆ, ಎಂದರೆ 60 ಕಿಲೋ ತೂಕದವರಲ್ಲಿ ನಾಲ್ಕು ಲೀಟರಿಗಿಂತ ತುಸು ಹೆಚ್ಚು. ಅದರಲ್ಲಿ ಶೇಕಡಾ 15ರಷ್ಟು ಹೋದರೂ ಆರೋಗ್ಯವಂತ ದೇಹ ರಕ್ತನಾಳಗಳನ್ನು ಬಿಗಿಹಿಡಿದು, ಹೃದಯದ ಬಡಿತವನ್ನು ತುಸು ಏರಿಸಿ ಎಲ್ಲವನ್ನೂ ಸರಿದೂಗಿಸಿಕೊಳ್ಳುತ್ತದೆ. ಶೇಕಡಾ 30ರ ಹತ್ತಿರ, ಅಂದರೆ ಒಂದೂಕಾಲು ಲೀಟರಿನಷ್ಟು ರಕ್ತ ಸೋರುವವರೆಗೂ ರಕ್ತದೊತ್ತಡದ ಮೇಲಿನ ಅಂಕಿ ಹೆಚ್ಚು ಕುಸಿಯದೇ ಇರಬಹುದು. ಅದಕ್ಕೂ ಮೊದಲು ಕಾಣುವುದು ಏರುವ ನಾಡಿ, ಮೇಲಿನ ಮತ್ತು ಕೆಳಗಿನ ಅಂಕಿಗಳ ನಡುವಿನ ಅಂತರ ಕಿರಿದಾಗುವುದು, ತಣ್ಣಗಾಗಿ ಬೆವರುವ ಕೈಕಾಲು, ಕಾರಣವಿಲ್ಲದ ಚಡಪಡಿಕೆ. ದಿನವಿಡೀ ಮರ ಹತ್ತಿ ಇಳಿಯುವ ಗಟ್ಟಿಮುಟ್ಟಾದ ದೇಹ ಇನ್ನಷ್ಟು ಹೊತ್ತು ಸರಿದೂಗಿಸಿಕೊಂಡು, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಹೃದಯದ ಬಡಿತ ಕಡಿಮೆ ಮಾಡುವ ಮಾತ್ರೆಗಳನ್ನು ನುಂಗುವ ಹಿರಿಯರಲ್ಲಿ ನಾಡಿಯೂ ಏರದೆ ಮೋಸವಾಗಬಹುದು, ಅದಕ್ಕೇ ಆ ತಂತ್ರಜ್ಞ ಮಾತ್ರೆಗಳ ಬಗ್ಗೆ ಕೇಳಿದ್ದು. ಹಿಮೋಗ್ಲೋಬಿನ್ ಪರೀಕ್ಷೆಯೂ ಆರಂಭದಲ್ಲಿ ನೆರವಾಗುವುದಿಲ್ಲ. ರಕ್ತಕಣ ಮತ್ತು ದ್ರವ ಎರಡೂ ಒಟ್ಟಿಗೆ ಹೋಗುವುದರಿಂದ ಉಳಿದ ರಕ್ತದ ಸಾಂದ್ರತೆ ಕೆಲ ಗಂಟೆಗಳ ಕಾಲ ಮೊದಲಿನಂತೆಯೇ ಇರುತ್ತದೆ. ಮೊದಲ ವರದಿಯಲ್ಲಿ 13 ಎಂದು ಕಂಡ ಕೂಡಲೇ ನಿಟ್ಟುಸಿರು ಬಿಡುವವರು ಇದನ್ನು ತಿಳಿದಿರಬೇಕು.

ತಾಲ್ಲೂಕು ಆಸ್ಪತ್ರೆಯ ಕೆಲಸವನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ಅಲ್ಲಿ ಆ ಹೊತ್ತಿನಲ್ಲಿ ಶಸ್ತ್ರಚಿಕಿತ್ಸಕರಿರಲಿಲ್ಲ, ಸಿ.ಟಿ. ಸ್ಕ್ಯಾನ್ ಇಲ್ಲ, ಕೊಡಲು ರಕ್ತವೂ ಇರಲಿಲ್ಲ. ಇದ್ದದ್ದು ಒಬ್ಬ ಯುವ ಡ್ಯೂಟಿ ಡಾಕ್ಟರ್ ಮತ್ತು ಇಬ್ಬರು ಶುಶ್ರೂಷಕಿಯರು. ಆ ವೈದ್ಯೆ ತನ್ನಲ್ಲಿ ಇಲ್ಲದ್ದಕ್ಕಾಗಿ ಒಂದು ನಿಮಿಷವನ್ನೂ ವ್ಯರ್ಥ ಮಾಡಲಿಲ್ಲ. ಎರಡು ಕೈಗಳಿಗೂ ದಪ್ಪನೆಯ ಸೂಜಿ ಹಾಕಿಸಿದರು, ಆಮ್ಲಜನಕ ಕೊಟ್ಟರು, ಕಂಬಳಿ ಹೊದಿಸಿದರು, ಟ್ರಾನೆಕ್ಸಾಮಿಕ್ ಆಮ್ಲದ 1 ಗ್ರಾಂ ಔಷಧಿಯನ್ನು ಹತ್ತು ನಿಮಿಷಗಳಲ್ಲಿ ರಕ್ತನಾಳಕ್ಕೆ ಹರಿಸಿದರು. ಗಟ್ಟಿಯಾಗುತ್ತಿರುವ ರಕ್ತ ಮತ್ತೆ ಕರಗದಂತೆ ತಡೆಯುವ ಈ ಔಷಧಿ ದುಬಾರಿಯದ್ದಲ್ಲ. 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಪ್ರಯೋಗ ಅದು ಸಾವನ್ನು ಕಡಿಮೆ ಮಾಡುತ್ತದೆಂದು ತೋರಿಸಿತ್ತು, ಆ ಪ್ರಯೋಗದಲ್ಲಿ ಭಾರತದ ಆಸ್ಪತ್ರೆಗಳೂ ಪಾಲ್ಗೊಂಡಿದ್ದವು. ಆದರೆ ಪೆಟ್ಟಾದ 3 ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು, ತಡವಾಗಿ ಕೊಟ್ಟರೆ ಕೆಡುಕೇ ಆಗಬಹುದು. ಘಾಟಿ ಇಳಿದು ಜಿಲ್ಲಾಕೇಂದ್ರ ಸೇರಿದ ಮೇಲೆ ಕೊಡೋಣವೆಂದು ಬಿಟ್ಟಿದ್ದರೆ ಆ ಅವಕಾಶ ಕೈತಪ್ಪುತ್ತಿತ್ತೋ ಏನೋ.

ಸಲೈನ್ ವಿಷಯದಲ್ಲಿ ಜೊತೆಗಿದ್ದವರಿಗೆ ಅಸಮಾಧಾನವಾಯಿತು. ಒಂದು ಬಾಟಲ್ ಮುಗಿಯುತ್ತ ಬಂದಾಗ ಇನ್ನೊಂದು ಹಾಕಿ ಎಂದು ಒತ್ತಾಯಿಸಿದರು, ವೈದ್ಯೆ ಒಪ್ಪಲಿಲ್ಲ. ಸಲೈನ್ ಉಪ್ಪುನೀರೇ ಹೊರತು ರಕ್ತವಲ್ಲ. ಅದು ಆಮ್ಲಜನಕವನ್ನು ಸಾಗಿಸದು, ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ತೆಳುವಾಗಿಸುತ್ತದೆ, ದೇಹವನ್ನು ತಣ್ಣಗಾಗಿಸುತ್ತದೆ, ಒತ್ತಡವನ್ನು ಅನಗತ್ಯವಾಗಿ ಏರಿಸಿ ಆಗಷ್ಟೇ ಮುಚ್ಚಿಕೊಳ್ಳುತ್ತಿರುವ ಗಾಯದ ಬಾಯನ್ನು ತೆರೆಸಬಹುದು. ಹಿಂದೆ ಎರಡು ಲೀಟರ್ ಸುರಿಯುವುದೇ ರೂಢಿಯಾಗಿತ್ತು. ಗಾಯಾಳುಗಳ ಆರೈಕೆಗೆ ಜಗತ್ತಿನಾದ್ಯಂತ ಬಳಸುವ ಎ.ಟಿ.ಎಲ್.ಎಸ್. ತರಬೇತಿಯ 2018ರ ಆವೃತ್ತಿ ಅದನ್ನು ಒಂದು ಲೀಟರಿಗೆ ಇಳಿಸಿ, ಬೇಗ ರಕ್ತ ಕೊಡಿ ಎನ್ನುತ್ತದೆ. ತಲೆಗೂ ಪೆಟ್ಟಾಗಿದ್ದರೆ ಮಾತ್ರ ಒತ್ತಡವನ್ನು ಇಳಿಯಗೊಡುವಂತಿಲ್ಲ. ಇದನ್ನು ಆಕೆ ಎರಡು ವಾಕ್ಯಗಳಲ್ಲಿ ವಿವರಿಸಿ, ಎಕ್ಸ್-ರೇಗೆಂದು ತಡೆಹಿಡಿಯದೆ, ಜಿಲ್ಲಾ ಆಸ್ಪತ್ರೆಗೆ ತಾವೇ ಫೋನ್ ಮಾಡಿ ರಕ್ತದ ಗುಂಪು ಸಮೇತ ವಿವರ ತಿಳಿಸಿ ಕಳಿಸಿದರು. ಆ ಫೋನ್ ಕರೆಯಿಂದ ಎಷ್ಟು ಲಾಭವಾಯಿತೆಂಬುದು ತಲುಪಿದ ಮೇಲೆ ತಿಳಿಯಿತು. ಬಾಗಿಲಲ್ಲೇ ಟ್ರಾಲಿ ಸಿದ್ಧವಿತ್ತು, ಶಸ್ತ್ರಚಿಕಿತ್ಸಾ ವಿಭಾಗದ ವೈದ್ಯರು ಕೆಳಗೆ ಇಳಿದು ಬಂದಿದ್ದರು.

ಇನ್ನು ಮುಖ್ಯ ವಿಷಯವಾದ ಜಿಲ್ಲಾಕೇಂದ್ರದ ತುರ್ತು ವಿಭಾಗ. ಅಲ್ಲಿನ ಅತ್ಯುತ್ತಮ ಗುಣವೆಂದರೆ ಹಾಸಿಗೆಯ ಪಕ್ಕಕ್ಕೇ ಬರುವ ಅಲ್ಟ್ರಾಸೌಂಡ್ ಯಂತ್ರ ಮತ್ತು ಅದನ್ನು ಬಳಸಬಲ್ಲ ವೈದ್ಯರು. ಫಾಸ್ಟ್ ಎಂದು ಕರೆಯುವ ಈ ಪರೀಕ್ಷೆ ಪಿತ್ತಜನಕಾಂಗ ಮತ್ತು ಬಲ ಮೂತ್ರಪಿಂಡದ ನಡುವೆ, ಗುಲ್ಮದ ಸುತ್ತ, ಕಿಬ್ಬೊಟ್ಟೆಯ ಆಳದಲ್ಲಿ, ಹೃದಯದ ಹೊರಕೋಶದಲ್ಲಿ, ಹೀಗೆ ನಾಲ್ಕು ಕಡೆ ರಕ್ತ ನಿಂತಿದೆಯೇ ಎಂದಷ್ಟೇ ನೋಡುತ್ತದೆ. ಕೆಲವೇ ನಿಮಿಷಗಳ ಕೆಲಸ, ರೋಗಿಯನ್ನು ಎಲ್ಲಿಗೂ ಒಯ್ಯಬೇಕಿಲ್ಲ. ಗುಲ್ಮದ ಸುತ್ತ ಕಪ್ಪು ಪಟ್ಟಿಯೊಂದು ಕಂಡಿತು. ಕಾಣದಿದ್ದರೂ ಅಲ್ಲಿಗೇ ನಿಲ್ಲಿಸುವಂತಿಲ್ಲ ಎಂಬುದನ್ನು ಹೇಳಬೇಕು. ರಕ್ತ ಸುಮಾರು 200 ಮಿಲಿಲೀಟರಿಗಿಂತ ಕಡಿಮೆ ಇದ್ದರೆ ಈ ಪರೀಕ್ಷೆಯಲ್ಲಿ ಅದು ಕಾಣದೇ ಹೋಗಬಹುದು, ಬೆನ್ನಿನ ಕಡೆ ಹೊಟ್ಟೆಯ ಪೊರೆಯ ಹಿಂದೆ ಸೋರುವ ರಕ್ತ ಇದಕ್ಕೆ ಕಾಣುವುದೂ ಕಷ್ಟ, ಆದ್ದರಿಂದ ಅರ್ಧ ಗಂಟೆಯಲ್ಲೋ ಸ್ಥಿತಿ ಬದಲಾದಾಗಲೋ ಮತ್ತೊಮ್ಮೆ ಮಾಡಬೇಕು. ಇಲ್ಲಿ ಮಾಡಿದರು. ರಾಜ್ಯದ ಎಷ್ಟೋ ತುರ್ತು ವಿಭಾಗಗಳಲ್ಲಿ ಅಲ್ಟ್ರಾಸೌಂಡ್ ಇನ್ನೂ ಬೇರೆ ಕೊಠಡಿಯಲ್ಲಿ, ರೇಡಿಯಾಲಜಿ ವೈದ್ಯರು ಬರುವ ಹೊತ್ತಿಗೆ ಮಾತ್ರ ತೆರೆಯುತ್ತದೆ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯಡಿ ಯಂತ್ರದ ನೋಂದಣಿ, ಬಳಸುವವರ ಅರ್ಹತೆ ಎಲ್ಲವೂ ಬಿಗಿಯಾಗಿವೆ, ಹೆಣ್ಣುಭ್ರೂಣಗಳನ್ನು ಉಳಿಸಲು ಅದು ಬಿಗಿಯಾಗಿಯೇ ಇರಬೇಕು. ಆದರೆ ಆ ಚೌಕಟ್ಟಿನೊಳಗೇ ತುರ್ತು ವೈದ್ಯರಿಗೆ ತರಬೇತಿ ಕೊಟ್ಟು ಯಂತ್ರವನ್ನು ಹಾಸಿಗೆಯ ಬಳಿಗೆ ತರಲು ಸಾಧ್ಯ ಎಂಬುದಕ್ಕೆ ಈ ವಿಭಾಗವೇ ಸಾಕ್ಷಿ.

ಪಕ್ಕದ ಹಾಸಿಗೆಗಳಲ್ಲಿ ಕಂಡ ಒಂದು ಪದ್ಧತಿಯನ್ನೂ ಮೆಚ್ಚಿ ಹೇಳಬೇಕು. ಹೊಟ್ಟೆನೋವು ಮತ್ತು ತಲೆಸುತ್ತೆಂದು ಬಂದ ಹೆರಿಗೆಯ ವಯಸ್ಸಿನ ಮಹಿಳೆಯರಿಗೆಲ್ಲ, ಮದುವೆಯಾಗಿದೆಯೇ ಇಲ್ಲವೇ ಎಂಬ ವಿಚಾರಣೆಯಿಲ್ಲದೆ, ಪರದೆ ಎಳೆದು ಸದ್ದಿಲ್ಲದೆ ಗರ್ಭಪರೀಕ್ಷೆ ಮಾಡುತ್ತಿದ್ದರು. ಗರ್ಭಕೋಶದ ಹೊರಗೆ, ಹೆಚ್ಚಾಗಿ ಗರ್ಭನಾಳದಲ್ಲಿ, ಬೆಳೆದ ಗರ್ಭ ಒಡೆದರೆ ಹೊಟ್ಟೆಯೊಳಗೆ ಆಗುವ ರಕ್ತಸ್ರಾವ ಮರದಿಂದ ಬಿದ್ದವರದ್ದಕ್ಕಿಂತ ಕಡಿಮೆಯದ್ದೇನಲ್ಲ. ಆ ಹೆಣ್ಣುಮಕ್ಕಳಿಗೆ ಗರ್ಭಿಣಿಯೆಂಬುದೇ ತಿಳಿದಿರುವುದಿಲ್ಲ, ತಿಳಿದಿದ್ದರೂ ಮನೆಯವರೆದುರು ಹೇಳುವ ಧೈರ್ಯವಿರುವುದಿಲ್ಲ. ಮರ್ಯಾದೆಯ ಮಾತಿಗೆ ಹೆದರಿ ಪರೀಕ್ಷೆ ಬಿಟ್ಟರೆ ಹೋಗುವುದು ಜೀವ.

ರಕ್ತನಿಧಿ ಅದೇ ಆವರಣದಲ್ಲಿತ್ತು, ರಾತ್ರಿಯೂ ತೆರೆದಿತ್ತು. ಬದಲಿ ರಕ್ತದಾನಿಗಳನ್ನು ಕರೆತನ್ನಿ ಎಂಬ ಮಾತು ಬಂದರೂ, ಅವರು ಬರುವವರೆಗೆ ಕಾಯದೆ ಮೊದಲ ಚೀಲ ಕೊಟ್ಟರು. ಇದು ಎಲ್ಲ ಕಡೆ ನಡೆಯುವುದಿಲ್ಲ. ಹೊಂದಾಣಿಕೆ ಪರೀಕ್ಷೆ ಪೂರ್ಣಗೊಳ್ಳುವ ಮುನ್ನವೇ ಜೀವ ಹೋಗುವಂತಿದ್ದರೆ ಓ ನೆಗೆಟಿವ್ ರಕ್ತ ಕೊಡುವ ವ್ಯವಸ್ಥೆಯೂ ಇದೆ ಎಂದು ತಿಳಿಯಿತು, ಅದರ ಅಗತ್ಯ ನಮಗೆ ಬೀಳಲಿಲ್ಲ. ರಕ್ತ ಕೊಟ್ಟ ಮೇಲೆ ನಾಡಿ ಇಳಿಯಿತು, ಸಿ.ಟಿ. ಸ್ಕ್ಯಾನ್ ಮಾಡುವಷ್ಟು ಸ್ಥಿತಿ ಹಿಡಿತಕ್ಕೆ ಬಂತು. ಈ ಕ್ರಮವನ್ನು ಗಮನಿಸಬೇಕು. ಒತ್ತಡ ಕುಸಿಯುತ್ತಿರುವವರನ್ನು ಸಿ.ಟಿ. ಯಂತ್ರದೊಳಗೆ ಕಳಿಸಬಾರದು, ಅವರು ಹೋಗಬೇಕಾದದ್ದು ನೇರ ಶಸ್ತ್ರಚಿಕಿತ್ಸಾ ಕೊಠಡಿಗೆ. ನಮ್ಮವರ ಗುಲ್ಮದಲ್ಲಿ ಐದರಲ್ಲಿ ಮೂರನೆಯ ದರ್ಜೆಯ ಸೀಳು ಕಂಡಿತು. ಸ್ಥಿತಿ ಸ್ಥಿರವಾಗಿದ್ದರೆ ಇಂಥ ಗಾಯಗಳಲ್ಲಿ ಬಹುಪಾಲು ಶಸ್ತ್ರಚಿಕಿತ್ಸೆಯಿಲ್ಲದೆ ಮಾಯುತ್ತವೆ, ಗುಲ್ಮವನ್ನು ಉಳಿಸಿಕೊಳ್ಳುವುದು ಮುಂದೆ ಸೋಂಕುಗಳಿಂದ ರಕ್ಷಣೆಗೆ ಬಹಳ ಮುಖ್ಯ. ಹೀಗಾಗಿ ತೀವ್ರ ನಿಗಾ ಘಟಕದಲ್ಲಿಟ್ಟು ಕಾದರು.

ಕಾಯುವುದೆಂದರೆ ಸುಮ್ಮನಿರುವುದಲ್ಲ ಎಂಬುದನ್ನು ನಾನು ಅಲ್ಲಿ ಕಂಡೆ. ಹದಿನೈದು ನಿಮಿಷಕ್ಕೊಮ್ಮೆ ನಾಡಿ ಮತ್ತು ಒತ್ತಡ, ಗಂಟೆಗೊಮ್ಮೆ ಮೂತ್ರದ ಪ್ರಮಾಣ, ಕೆಲವು ಗಂಟೆಗಳಿಗೊಮ್ಮೆ ಹಿಮೋಗ್ಲೋಬಿನ್, ಪಾಳಿ ಬದಲಾದಾಗಲೆಲ್ಲ ಹೋಗುವ ವೈದ್ಯರು ಬರುವ ವೈದ್ಯರ ಎದುರೇ ಹೊಟ್ಟೆ ಮುಟ್ಟಿ ತೋರಿಸಿ ಹೋಗುವುದು. ಮರುದಿನ ನಸುಕಿನಲ್ಲಿ ನಾಡಿ ಮತ್ತೆ ಏರತೊಡಗಿದ್ದನ್ನು ಮೊದಲು ಕಂಡದ್ದು ಒಬ್ಬ ಶುಶ್ರೂಷಕಿ. ಒತ್ತಡ ಇನ್ನೂ ಇಳಿದಿರಲಿಲ್ಲ. ಆಕೆ ಹಿಂದಿನ ಅಂಕಿಗಳ ಸಾಲನ್ನು ತೋರಿಸಿ ನಿವಾಸಿ ವೈದ್ಯರನ್ನು ಎಬ್ಬಿಸಿದರು, ಅವರು ತಮ್ಮ ಹಿರಿಯರನ್ನು ಕರೆಸಿದರು, ಬೆಳಕು ಹರಿಯುವ ಮುನ್ನ ಶಸ್ತ್ರಚಿಕಿತ್ಸೆ ಆರಂಭವಾಯಿತು, ಗುಲ್ಮವನ್ನು ತೆಗೆಯಬೇಕಾಯಿತು. ಇಡೀ ಸೇವೆಯಲ್ಲಿ ನನಗೆ ಅತ್ಯಂತ ಬೆಲೆಬಾಳುವಂಥದ್ದಾಗಿ ಕಂಡದ್ದು ಆ ಶುಶ್ರೂಷಕಿಯ ಕಣ್ಣು. ಆದರೆ ಅದೇ ಘಟಕದಲ್ಲಿ ಒಬ್ಬೊಬ್ಬ ಶುಶ್ರೂಷಕಿ ನೋಡಿಕೊಳ್ಳಬೇಕಿದ್ದ ರೋಗಿಗಳ ಸಂಖ್ಯೆ ನೋಡಿದರೆ, ಇದು ವ್ಯವಸ್ಥೆಯಿಂದಾದದ್ದಕ್ಕಿಂತ ಆಕೆಯ ನಿಷ್ಠೆಯಿಂದಾದದ್ದು ಎನ್ನಬೇಕಾಗುತ್ತದೆ. ಆ ಸಂಖ್ಯೆ ಕಡಿಮೆಯಾಗಲೇಬೇಕು. ರಕ್ತ ಸೋರುವ ನಾಳವನ್ನು ತೊಡೆಯ ಮೂಲಕ ತಲುಪಿ ಒಳಗಿನಿಂದಲೇ ಮುಚ್ಚುವ ಎಂಬೊಲೈಸೇಶನ್ ಸೌಲಭ್ಯ ಅಲ್ಲಿರಲಿಲ್ಲ. ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿರುವ ಅದು ಇಲ್ಲಿದ್ದಿದ್ದರೆ ಗುಲ್ಮ ಉಳಿಯುವ ಸಾಧ್ಯತೆ ಇತ್ತು.

ಹಣದ ವಿಷಯ. ಯಾರೂ ಮುಂಗಡ ಕೇಳಲಿಲ್ಲ. ಗಾಯಾಳುವಿಗೆ ಕಾನೂನಿನ ವಿಧಿವಿಧಾನಗಳಿಗೆ ಕಾಯದೆ ಚಿಕಿತ್ಸೆ ಕೊಡುವುದು ಪ್ರತಿಯೊಬ್ಬ ವೈದ್ಯನ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯ 1989ರ ಪರಮಾನಂದ ಕಟಾರ ಪ್ರಕರಣದಲ್ಲೇ ಹೇಳಿದೆ. ಇಲ್ಲಿ ಪೊಲೀಸರಿಗೆ ಮಾಹಿತಿ ಹೋದದ್ದು ಚಿಕಿತ್ಸೆ ಶುರುವಾದ ಮೇಲೆಯೇ. ಬಿ.ಪಿ.ಎಲ್. ಕಾರ್ಡ್ ಇದ್ದುದರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಖರ್ಚು ಸರಿಹೋಯಿತು. ಆದರೆ ನನ್ನನ್ನು ನೋಯಿಸುವ ಸಂಗತಿಯೊಂದಿದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಕೊಡುವ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯನ್ನು ರಾಜ್ಯ ಸರ್ಕಾರ 2016ರಲ್ಲಿ ತಂದಿತು. ಕೇಂದ್ರ ಸರ್ಕಾರ 2025ರಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಯನ್ನು ಜಾರಿಗೆ ತಂದಿತು. ಎರಡೂ ಬಹಳ ಒಳ್ಳೆಯ ಯೋಜನೆಗಳು. ಎರಡರಲ್ಲೂ ಮರದಿಂದ ಬಿದ್ದವರಿಗೆ ಜಾಗವಿಲ್ಲ. ಗುಲ್ಮ ಸೀಳಿದ್ದು ಬೈಕಿನಿಂದ ಬಿದ್ದೋ ಅಡಿಕೆ ಮರದಿಂದ ಬಿದ್ದೋ ಎಂಬುದರಿಂದ ಸೋರುವ ರಕ್ತದಲ್ಲಿ ವ್ಯತ್ಯಾಸವಾಗುವುದಿಲ್ಲ. ಹತ್ತಿರದ ಖಾಸಗಿ ಆಸ್ಪತ್ರೆಗೆ ಹೋಗಬೇಕಾಗಿ ಬಂದು, ಕೈಯಲ್ಲಿ ಕಾರ್ಡೂ ಇಲ್ಲದ ತೋಟದ ಕೂಲಿಯವರ ಗತಿಯೇನು ಎಂಬುದಕ್ಕೆ ಯಾವ ಕೌಂಟರಿನಲ್ಲೂ ಉತ್ತರ ಸಿಗಲಿಲ್ಲ.

ಬಿಡುಗಡೆಯ ದಿನದ ಸೇವೆಗೆ ಮಾತ್ರ ನಾನು ಕಡಿಮೆ ಅಂಕ ಕೊಡುತ್ತೇನೆ. ಗುಲ್ಮವಿಲ್ಲದವರಿಗೆ ನ್ಯುಮೋಕಾಕಸ್, ಮೆನಿಂಗೋಕಾಕಸ್ ಮತ್ತು ಹಿಬ್ ರೋಗಾಣುಗಳ ವಿರುದ್ಧ ಲಸಿಕೆ ಬೇಕು. ತುರ್ತಾಗಿ ತೆಗೆದಿದ್ದರೆ ಶಸ್ತ್ರಚಿಕಿತ್ಸೆಯಾಗಿ ಎರಡು ವಾರ ಕಳೆದ ಮೇಲೆ ಹಾಕುವುದು ಉತ್ತಮ, ಆದರೆ ರೋಗಿ ಮರಳಿ ಬರುವ ಭರವಸೆ ಇಲ್ಲದಿದ್ದರೆ ಮನೆಗೆ ಕಳಿಸುವ ಮುನ್ನವೇ ಹಾಕಿಬಿಡಬೇಕು. ಜೀವನಪರ್ಯಂತ ಯಾವ ಜ್ವರವನ್ನೂ ಅವರು ಹಗುರವಾಗಿ ಕಾಣುವಂತಿಲ್ಲ, ಕೂಡಲೇ ವೈದ್ಯರ ಬಳಿ ಹೋಗಿ ತಮಗೆ ಗುಲ್ಮವಿಲ್ಲವೆಂದು ಹೇಳಬೇಕು. ಇಷ್ಟೂ ವಿಷಯ ಇಂಗ್ಲಿಷಿನಲ್ಲಿ ಬರೆದ ಸಾರಾಂಶದ ಕೊನೆಯ ಸಾಲಿನಲ್ಲಿ ಸಂಕ್ಷಿಪ್ತಾಕ್ಷರಗಳಲ್ಲಿತ್ತು, ಬಾಯಿಮಾತಿನಲ್ಲಿ ಯಾರೂ ವಿವರಿಸಲಿಲ್ಲ. ಕೇಳಿದ ಮೇಲೆ ಕಿರಿಯ ವೈದ್ಯರೊಬ್ಬರು ತಾಳ್ಮೆಯಿಂದ ಹೇಳಿದರು, ಲಸಿಕೆಗಳಲ್ಲಿ ಕೆಲವನ್ನು ಹೊರಗಿನ ಔಷಧಿ ಅಂಗಡಿಯಿಂದ ತರಬೇಕಾಯಿತು. ಕನ್ನಡದಲ್ಲಿ ಅಚ್ಚುಹಾಕಿದ, ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ ಒಂದು ಕಾರ್ಡನ್ನು ಬಿಡುಗಡೆಯ ಚೀಟಿಯೊಂದಿಗೆ ಕೊಡಬೇಕೆಂದು ಆಸ್ಪತ್ರೆಯ ಅಧೀಕ್ಷಕರಿಗೆ ಪತ್ರ ಬರೆದಿದ್ದೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ಕೆಲಸ ಮಾಡುವ ರಕ್ತ ಸಂಗ್ರಹ ಘಟಕ ಬೇಕೆಂಬ ಕೋರಿಕೆಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬೇರೆಯಾಗಿ ಕಳಿಸಿದ್ದೇನೆ. ಮುಂದಿನ ಕೊಯ್ಲಿನೊಳಗೆ ಅವುಗಳಲ್ಲಿ ಒಂದಾದರೂ ಆಗಬೇಕು.